ಕುಂಕುಮದ ಮೇಲೆ ಅಂಟಿಸಿದ ಚೀಟಿ

ಒಂಬತ್ತನೆಯ ಕಂತು

"ಅಯ್ಯೋ ದಫೇದಾರ್ರೇ, ಹಾಗೆ ಬೆರಳು ಹಾಕಿ ಮುಟ್ಟಬಾರ್ದು ಅದನ್ನ!" ಎನ್ನುತ್ತ ಟೈಪಿಸ್ಟ್ ವಾಗ್ದೇವಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಸತ್ತಿದ್ದನ್ನ ಮುಟ್ಟಿದ್ರೆ ಇನ್ನೆಂತ ಆಗ್ತದೆ ಮಾರಾಯ್ತಿ?" ಎಂದು ಗದರಿದೆ.

ಗದರಬಾರದಿತ್ತು. ಇಪ್ಪತ್ನಾಲ್ಕರ ಹುಡುಗಿ, ಪಾಪ. ಆದರೆ ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪೊಲೀಸು ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಾನು ರಿಟೈರಾಗಿ ನಾಲ್ಕು ವರ್ಷವಾಯಿತು, ಅದು ಮಾತ್ರ ಇನ್ನೂ ಆಗಿಲ್ಲ.

ನನ್ನ ಕೈಯಲ್ಲಿದ್ದದ್ದು ಒಂದು ಡಿಸ್ಕು. ಚೌಕಾಕಾರ, ಕಪ್ಪು ಬಣ್ಣ, ಒಂದು ಗೇಣು ಅಗಲ, ಹಪ್ಪಳದಷ್ಟು ತೆಳು. ನಡುವಿನ ತೂತಿನ ಸುತ್ತ ಅರಿಶಿನ, ಕುಂಕುಮ ಮೆತ್ತಿಕೊಂಡು ಒಣಗಿತ್ತು. ಮೂಲೆಯಲ್ಲಿ ಒಂದು ಬಿಳಿ ಚೀಟಿ. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ 'ಸಿಸ್ಟಂ' ಎಂದು ಬರೆದಿತ್ತು.

ಆಯುಧಪೂಜೆಯ ದಿನ ಈ ಡಿಸ್ಕಿಗೆ ಕುಂಕುಮ ಹಚ್ಚಿ ಯಂತ್ರವನ್ನೇ ಹಾಳು ಮಾಡಿದನೆಂಬ ಅಪವಾದ ಹೊತ್ತ ಆಪರೇಟರ್ ಸುಬ್ಬರಾಯ ನವೆಂಬರಿನಲ್ಲಿ ಹೊಳೆಬಾಗಿಲಿನ ಹಿನ್ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದ. ತನ್ನ ಗಂಡ ಅಂಥವನಲ್ಲ, ತೋರಿಸಿಕೊಡಿ ಎಂದು ಅವನ ಹೆಂಡತಿ ಯಮುನಮ್ಮ ನನ್ನನ್ನು ಹಿಡಿದುಕೊಂಡು ಇಪ್ಪತ್ತು ದಿನವಾಗಿತ್ತು.

ಇವತ್ತು ಸಾವಿರದ ಒಂಬೈನೂರ ಎಂಬತ್ತೇಳರ ಡಿಸೆಂಬರ್ ಮೂವತ್ತು. ನಾಳೆ ಸಂಜೆ ಬೊಂಬಾಯಿ ಕಂಪನಿಯ ಲಾರಿ ಸಾಗರದ ಈ ಆಫೀಸಿಗೆ ಬಂದು ಈ ಹಳೆಯ ಯಂತ್ರವನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೆ ಮುಂಚೆ, ಅಣೆಕಟ್ಟಿನಲ್ಲಿ ಊರು ಕಳೆದುಕೊಂಡವರಿಗೆ ಬೇರೆ ನೆಲ ಕೊಡಿಸುವ ಈ ಮುಳುಗಡೆ ನೆಲೆ ಸಂಘದ ಕಮಿಟಿ ಸೇರಿ, 'ಆಪರೇಟರ್ ಸುಬ್ಬರಾಯನ ನಿರ್ಲಕ್ಷ್ಯದಿಂದ ನಾಶವಾಯಿತು' ಎಂದು ಠರಾವು ಬರೆದು ಸಹಿ ಹಾಕುತ್ತದೆ. ಒಂದು ಸಲ ಬರೆದರೆ ಮುಗಿಯಿತು. ಸತ್ತವನು ಎದ್ದು ಬಂದು ಅಲ್ಲ ಅನ್ನುವಂತಿಲ್ಲ.

ಯಮುನಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ಬರಿದಾದ ಹಣೆ, ತೊಡೆಯ ಮೇಲೆ ಬಟ್ಟೆಯ ಚೀಲ. ಈ ಇಪ್ಪತ್ತು ದಿನದಲ್ಲಿ ಆ ಚೀಲವನ್ನು ಅವಳು ಒಮ್ಮೆಯೂ ಕೆಳಗಿಟ್ಟಿದ್ದನ್ನು ನಾನು ಕಂಡಿಲ್ಲ. ಅವಳ ಕಣ್ಣು ಮೇಜಿಗೆ ಒರಗಿಸಿಟ್ಟ ನನ್ನ ಕೊಡೆಯ ಮೇಲಿತ್ತು.

ನನ್ನ ಕೊಡೆ ಅಂದೆನಲ್ಲ, ಅದು ನನ್ನದಲ್ಲ. ಯಾರೋ ಹೊಸನಗರದ ನಮ್ಮ ಮನೆ ಜಗಲಿಯಲ್ಲಿ ಬಿಟ್ಟು ಹೋಗಿದ್ದು. ಅರ್ಜಿ ಹಿಡಿದು ಬರುವವರನ್ನೆಲ್ಲ ನಾನು ಜಗಲಿಯಿಂದಲೇ ಓಡಿಸುವವನು. ಚಪ್ಪಲಿ ಬಿಟ್ಟು ಓಡಿದವರೂ ಇದ್ದಾರೆ. ಮೊಣಕಾಲು ನೋವಿಗೆ ಊರಿಕೊಂಡು ನಡೆಯಲು ಅನುಕೂಲವಾಗಿದೆಯೆಂದು ಇಟ್ಟುಕೊಂಡಿದ್ದೆ. ಒಂದು ಕಡೆ ನೀಲಿ ಬಟ್ಟೆಯ ತೇಪೆ ಬೇರೆ.

"ಇನ್ನೊಂದು ಸಲ ಹೇಳು ವಾಗ್ದೇವಿ," ಎಂದೆ, ದನಿ ತಗ್ಗಿಸಿ. "ಹಳ್ಳಿಗಮಾರನಿಗೆ ಹೇಳೋ ಹಾಗೆ ಹೇಳು. ಈ ಡಿಸ್ಕಿಲ್ಲದಿದ್ರೆ ಎಂತ ಆಗ್ತದೆ?"

"ಯಂತ್ರಕ್ಕೆ ತಾನು ಯಂತ್ರ ಅಂತಾನೇ ಗೊತ್ತಾಗಲ್ಲ ಸರ್. ಸ್ವಿಚ್ ಹಾಕಿದ ಕೂಡಲೇ ಅದು ಮೊದ್ಲು ಈ ಡಿಸ್ಕನ್ನ ಓದ್ಬೇಕು. ಆಪರೇಟಿಂಗ್ ಸಿಸ್ಟಂ ಅಂತಾರೆ. ಅದು ಒಳಗೆ ಹೋದ್ಮೇಲೇ ಬಾಕಿ ಡಿಸ್ಕಿನಲ್ಲಿರೋ ಹೆಸರು, ಊರು, ಎಲ್ಲ ತೋರ್ಸೋದು."

"ಇನ್ನೊಂದು ಪ್ರತಿ ಇಟ್ಕೊಳ್ಳಬಾರ್ದಿತ್ತಾ?"

"ಇತ್ತಂತೆ. ಎಂಬತ್ತೈದರ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯ್ತಂತೆ. ಈ ವರ್ಷ ಕಂಪನಿಗೆ ಬರೆದ್ರೆ, ಆ ಮಾದರಿ ನಿಂತೋಯ್ತು, ಇನ್ನು ಅದರ ಡಿಸ್ಕು ಕೊಡಲ್ಲ, ರಿಪೇರಿಗೂ ಮೂವತ್ತೊಂದು ಡಿಸೆಂಬರ್ ಕೊನೆ, ಹೊಸದು ತಗೊಳ್ಳಿ ಅಂತ ಉತ್ತರ. ಹೊಸದಕ್ಕೆ ಹಳೇ ಡಿಸ್ಕು ಹೋಗೋದೇ ಇಲ್ಲ. ಎಲ್ಲಾ ಕೈಯಲ್ಲೇ ಮತ್ತೆ ಹೊಡೀಬೇಕು. ಅದಕ್ಕೇ ನನ್ನನ್ನ ಆಗಸ್ಟಿನಲ್ಲಿ ಕೆಲಸಕ್ಕೆ ತಗೊಂಡಿದ್ದು."

ಆರು ವರ್ಷದ ಯಂತ್ರ. ನಮ್ಮ ಮನೆಯ ಒರಳು ನನ್ನ ಅಜ್ಜಿಯ ಕಾಲದ್ದು. ಅದನ್ನು ಕಡೆದುಕೊಟ್ಟವನು ಇನ್ನು ಮುಂದೆ ರುಬ್ಬಬೇಡಿ ಎಂದು ಕಾಗದ ಹಾಕಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದೆ. ವಾಗ್ದೇವಿ ನಕ್ಕಳು, ಆಮೇಲೆ ಯಮುನಮ್ಮನ ಮುಖ ನೋಡಿ ನಗು ನುಂಗಿಕೊಂಡಳು.

"ಪೂಜೆ ದಿನ ನೀನು ಇಲ್ಲೇ ಇದ್ಯಲ್ಲ. ಸುಬ್ಬರಾಯ ಕುಂಕುಮ ಹಚ್ಚಿದ್ದು ಇದಕ್ಕೇನಾ?"

"ಒಂದು ಡಿಸ್ಕನ್ನ ಯಂತ್ರದ ಮುಂದೆ ಮಣೆ ಮೇಲಿಟ್ಟು, ಅರಿಶಿನ ಕುಂಕುಮ ಹಾಕಿ, ಸೇವಂತಿಗೆ ಇಟ್ರು. ಮಾರನೇ ದಿನ ಬಂದು ನೋಡಿದ್ರೆ ಯಂತ್ರ ಏಳ್ಲಿಲ್ಲ. ಒಳಗಿಂದ ಇದನ್ನ ತೆಗೆದು ತೋರ್ಸಿ, ತಪ್ಪಾಗೋಯ್ತು ಅಂದ್ರು. ಅಷ್ಟೇ ಅಂದಿದ್ದು. ನಾನು ಹೊಸಬಳು ಸರ್, ಎಲ್ಲಾ ವರ್ಷ ಹೀಗೇ ಮಾಡ್ತಾರೇನೋ ಅಂದ್ಕೊಂಡೆ."

ನಾನು ಕನ್ನಡಕ ಏರಿಸಿಕೊಂಡು ಡಿಸ್ಕನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಮೂವತ್ತು ವರ್ಷ ಕಳ್ಳರ ಬೀಗ, ಕಿಟಕಿ, ಪೆಟ್ಟಿಗೆ ನೋಡಿದ ಕಣ್ಣು. ಆಪರೇಟಿಂಗ್ ಸಿಸ್ಟಂ ನನಗೆ ಗೊತ್ತಾಗುವುದಿಲ್ಲ. ಆದರೆ ಕುಂಕುಮ ಗೊತ್ತಾಗುತ್ತದೆ.

ಚೀಟಿಯ ಅಂಚು ಒಂದು ಕಡೆ ಸ್ವಲ್ಪ ಎದ್ದಿತ್ತು. ಉಗುರು ತೂರಿಸಿ ಮೆಲ್ಲಗೆ ಬಿಡಿಸಿದೆ.

ಚೀಟಿಯ ಅಡಿಯಲ್ಲಿ ಕುಂಕುಮವಿತ್ತು.

ಬರೀ ಕುಂಕುಮವಲ್ಲ. ಒಂದರ ಮೇಲೊಂದು ಹಚ್ಚಿ ಕಪ್ಪಾದ ಹಳೆಯ ಕುಂಕುಮ, ಅದರಲ್ಲಿ ಅಂಟಿಕೊಂಡು ಕಂದಾಗಿ ಹೋದ ಸೇವಂತಿಗೆಯ ಒಂದು ಎಸಳು. ಮೇಲೆ ಚೀಟಿ ಮಾತ್ರ ಬೆಳ್ಳಗೆ, ಒಂದು ಚೂರೂ ಕುಂಕುಮ ತಾಗದೆ.

"ಯಮುನಮ್ಮ, ಇಲ್ಲಿ ಬಾ ತಾಯಿ," ಎಂದು ಕರೆದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ನೋಡು. ಕುಂಕುಮ ಮೊದ್ಲು ಬಿದ್ದಿದೆ, ಚೀಟಿ ಆಮೇಲೆ ಬಂದಿದೆ. ಇದು ಸಿಸ್ಟಂ ಡಿಸ್ಕೇ ಅಲ್ಲ. ಬೂಷ್ಟು ಹಿಡಿದು ಹೋದ ಆ ಹಳೇದು ಇದು. ಒಳಗೆ ಹಾಕೋದಕ್ಕೆ ಕುಂಕುಮ ತಾಗಬಾರ್ದು ಅಂತ, ನಿನ್ನ ಗಂಡ ಎಂಬತ್ತೈದರಿಂದ ಈ ಸತ್ತ ಡಿಸ್ಕನ್ನೇ ಪೂಜೆಗೆ ಇಡ್ತಿದ್ದ. ನಿಜವಾದ ಡಿಸ್ಕಿನ ಚೀಟಿ ಕಿತ್ತು ಯಾರೋ ಇದಕ್ಕೆ ಅಂಟಿಸಿದ್ದಾರೆ!"

ಅವಳು ಎಸಳನ್ನು ನೋಡಿದಳು. ಕಣ್ಣು ತುಂಬಿ ಬಂತು. ಆದರೆ ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಅದನ್ನು ಆಗಲೇ ಗಮನಿಸಬೇಕಿತ್ತು ನಾನು. ಗೆದ್ದ ಹುರುಪಿನಲ್ಲಿ ಕಣ್ಣಿಗೆ ಪೊರೆ ಬಂದಿತ್ತು.

ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಕೊಡೆ ಊರುತ್ತ ಸೀದಾ ಸೆಕ್ರೆಟರಿ ನಾರಾಯಣಮೂರ್ತಿಯ ಕೋಣೆಗೆ ನುಗ್ಗಿದೆ. ಹೆಂಗಸರಿಬ್ಬರೂ ಹಿಂದೆ ಬಂದರು.

ನಾರಾಯಣಮೂರ್ತಿ ಐವತ್ತರ ಮನುಷ್ಯ. ತೀರ್ಥಹಳ್ಳಿ ಕಡೆ ಮೇಷ್ಟ್ರಾಗಿದ್ದು ಬಿಟ್ಟು ಬಂದವರು. ಈಗಲೂ ತಪ್ಪು ಮಾಡಿದ ಹುಡುಗನನ್ನು ನೋಡುವ ಹಾಗೆ ಕನ್ನಡಕದ ಮೇಲಿಂದ ನೋಡುತ್ತಾರೆ. ಅವರ ಮೇಜಿನ ಪಕ್ಕದಲ್ಲೇ ಹೊಸ ಯಂತ್ರ ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತಿತ್ತು.

ಡಿಸ್ಕನ್ನು ಅವರ ಮುಂದೆ ಇಟ್ಟೆ. "ನಾಳೆ ಠರಾವು ಅಲ್ವಾ ಸ್ವಾಮಿ? ಬರೀರಿ. ಆದ್ರೆ ಸುಬ್ಬರಾಯನ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೀರಿ."

ಚೀಟಿಯ ಅಡಿಯ ಕುಂಕುಮದ ಕಥೆ ಹೇಳಿದೆ.

"ಅಂದ್ರೆ ನಾನು ಕದ್ದೆ ಅಂತೀರಿ," ಎಂದರು ಕೊನೆಗೆ.

"ಮತ್ತೆ ಯಾರು? ಹಳೇ ಯಂತ್ರ ಸತ್ರೆ ತಾನೇ ಹೊಸದಕ್ಕೆ ಕಮಿಟಿಯವರು ಒಪ್ಪೋದು?"

"ದಫೇದಾರ್ರೇ, ಕಮಿಟಿ ಜೂನ್ ತಿಂಗಳಲ್ಲೇ ಒಪ್ಪಿತ್ತು. ಕಂಪನಿ ಕಾಗದ ಬಂದ ವಾರಕ್ಕೇ. ಕೆಟ್ರೆ ಇನ್ನು ಯಾರೂ ಬರಲ್ಲ ಅಂದ ಕೂಡಲೇ ಎಲ್ರೂ ಹೆದರಿಬಿಟ್ರು." ಅವರು ಹೊಸ ಯಂತ್ರದ ಕಡೆ ಕೈ ತೋರಿಸಿದರು. "ಸಾವಿರದ ನೂರು ಸಂಸಾರದ ಪಟ್ಟಿ. ಪೂಜೆ ಹೊತ್ತಿಗೆ ಇದರೊಳಗೆ ಹೋಗಿದ್ದು ಆರುನೂರು. ಬಾಕಿ ಐನೂರು ಹಳೇದರ ಹೊಟ್ಟೇಲೇ ಉಳೀತು. ಹಳೇದು ಇವತ್ತಿನ ತನಕ ಉಸಿರಾಡಬೇಕು ಅಂತ ಈ ಸಾಗರದಲ್ಲಿ ದೇವರಿಗೆ ಹರಕೆ ಹೊತ್ತವನು ಯಾರಾದ್ರೂ ಇದ್ರೆ ಅದು ನಾನು. ಕೊಲ್ಲೋದಕ್ಕೆ ನನಗೆ ಎಂತ ತಲೆ ಕೆಟ್ಟಿತ್ತಾ?"

ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರು ನನ್ನ ಕಣ್ಣು ನೋಡುತ್ತಾರೆ. ಇವರು ಯಮುನಮ್ಮನ ಮುಖ ನೋಡಲಾರದೆ ಮೇಜು ನೋಡುತ್ತಿದ್ದರು.

"ಸಸ್ಪೆಂಡ್ ಆರ್ಡರಿಗೆ ಸಹಿ ಹಾಕಿದ್ದು ನಾನೇ," ಎಂದರು. "ಆರು ವರ್ಷ ಆ ಯಂತ್ರಾನ ಕೂಸಿನ ಹಾಗೆ ನೋಡ್ಕೊಂಡವನು. ಮಳೆಗಾಲದಲ್ಲಿ ಅದರ ಪಕ್ಕ ಇದ್ದಿಲ ಕುಂಡ ಇಟ್ಟು ಕಾಯಿಸ್ತಿದ್ದ. ಅವನಿಗೆ ನಾನು 'ನಿರ್ಲಕ್ಷ್ಯ' ಅಂತ ಬರೆದೆ. ಅವತ್ತಿಂದ ಊಟ ಸೇರ್ತಿಲ್ಲ ನಂಗೆ."

"ನಿಮ್ಮಿಬ್ಬರಿಗೆ ಜಗಳ ಆಗಿತ್ತಲ್ವಾ ಸೆಪ್ಟೆಂಬರಿನಲ್ಲಿ?"

"ಆಗಿತ್ತು. ಮತ್ತಿಸರದ ನಲವತ್ತೊಂದು ಮನೆ ವಿಷಯಕ್ಕೆ."

ಮತ್ತಿಸರ. ಹೆಸರು ಎಲ್ಲೋ ಕೇಳಿದ ಹಾಗಿತ್ತು. ಸರ್ವಿಸಿನಲ್ಲಿ ಮುಳುಗಡೆಯ ಬಂದೋಬಸ್ತಿಗೆ ಹೋದ ಊರು ಒಂದೇ ಎರಡೇ? ಹೆಚ್ಚು ಯೋಚಿಸಲಿಲ್ಲ.

"ಹಳೇ ಪಟ್ಟೀಲಿ ಆ ನಲವತ್ತೊಂದು ಮನೆ ಮುಂದೆ 'ಗೈರು' ಅಂತ ಷರಾ ಇದೆಯಂತೆ," ಎಂದರು ನಾರಾಯಣಮೂರ್ತಿ. "ನೀರು ಬರೋದಕ್ಕೆ ಮುಂಚೇನೇ ಊರು ಬಿಟ್ಟು ಹೋದವರು ಅಂತ ಅರ್ಥ. ಹಾಗೆ ಹೋದವರಿಗೆ ಬೇರೆ ಕಡೆ ನೆಲ ಸಿಗಲ್ಲ. ಟೈಪ್ ಮಾಡೋಕೆ ಟೈಮಿಲ್ಲ, ಗೈರು ಇದ್ದವರನ್ನ ಹೊಸದಕ್ಕೆ ಏರಿಸೋದೇ ಬೇಡ ಅಂತ ಕಮಿಟಿ ತೀರ್ಮಾನ ಮಾಡ್ತು. ಸುಬ್ಬರಾಯ ಸುತರಾಂ ಒಪ್ಪಲಿಲ್ಲ. ಹಳೇದರಲ್ಲಿ ತಪ್ಪಾಗಿಯಾದ್ರೂ ಅವರ ಹೆಸರು ಇದೆ, ಹೊಸದರಲ್ಲಿ ಹೆಸರೇ ಇಲ್ದಿದ್ರೆ ಅವರು ಹುಟ್ಟೇ ಇರ್ಲಿಲ್ಲ ಅನ್ನೋ ಹಾಗಾಗ್ತದೆ ಅಂದ. ನಾನೆಂತ ಮಾಡ್ಲಿ? ಆಗ ಮನೆ ಎಣಿಸಿ ಬರೆದ ಮಹಜರಿನ ಮೂಲ ಕಾಗದ ಗೆದ್ದಲು ತಿಂದು ಹೋಗಿದೆ. ಅದಕ್ಕೆ ಸಹಿ ಹಾಕಿದವರು ಬಂದು, ಅದು ತಪ್ಪು ಅಂತ ಬರೆದುಕೊಟ್ರೆ ಗೈರು ತೆಗೀತೀನಿ ಅಂದೆ. ಸಹಿ ಹಾಕಿದವರ ಹೆಸರು ಯಂತ್ರದಲ್ಲಿದೆ, ನಾನೇ ಹುಡುಕಿ ಕರ್ಕೊಂಡು ಬರ್ತೀನಿ ಅಂದ. ಅಷ್ಟರಲ್ಲಿ ಪೂಜೆ ಬಂತು."

ಯಂತ್ರ ಸತ್ತರೆ ಲಾಭ ಯಾರಿಗೆ ಎಂದು ಇಪ್ಪತ್ತು ದಿನ ಕೇಳಿಕೊಂಡಿದ್ದೆ. ಈಗ ಉತ್ತರ ತಾನಾಗಿ ಎದುರಿಗೆ ಬಂದು ನಿಂತಿತು. ಆ ನಲವತ್ತೊಂದು ಮನೆ ಬಿಟ್ಟು ಹೊಸ ಪಟ್ಟಿ ಮುಗಿಯಬಾರದು ಎನ್ನುವವನಿಗೆ.

ಜೇಬಿನಿಂದ ಚೀಟಿ ತೆಗೆದು ತಿರುವಿ ಅದರ ಬೆನ್ನು ನೋಡಿದೆ. ಅಂಟು ಬಾಟಲಿ ವಾಗ್ದೇವಿಯ ಮೇಜಿನ ಮೇಲೆ ಸದಾ ಇರುತ್ತದೆ. ಆದರೆ ಚೀಟಿಯ ಹಿಂದೆ ಆ ಅಂಟಿರಲಿಲ್ಲ. ಮಸುಕು ಕೆಂಪಿನ ಗಟ್ಟಿಯಾದ ಪುಡಿ, ಅದರಲ್ಲೊಂದು ಅರ್ಧ ಅರೆದ ಅಗುಳು. ಚೀಟಿಯನ್ನು ಅನ್ನದಲ್ಲಿ ಅಂಟಿಸಿದ್ದರು.

"ಮಧ್ಯಾಹ್ನ ಇಲ್ಲೇ ಕೂತು ಊಟ ಮಾಡೋರು ಯಾರು ವಾಗ್ದೇವಿ?"

"ಸೆಕ್ರೆಟರಿ ಮನೆಗೆ ಹೋಗ್ತಾರೆ. ನಾನು ಚಿಕ್ಕಮ್ಮನ ಮನೆಗೆ. ಸುಬ್ಬರಾಯಣ್ಣ ಒಬ್ರೇ ಬುತ್ತಿ ತರ್ತಿದ್ದಿದ್ದು."

ಯಮುನಮ್ಮ ಮುಂದೆ ಬಂದು ನನ್ನ ಕೈಯಿಂದ ಚೀಟಿ ತೆಗೆದುಕೊಂಡಳು. ಅಗುಳನ್ನು ಹೆಬ್ಬೆರಳಲ್ಲಿ ಸವರಿದಳು.

"ನಮ್ಮನೆ ಕೆಂಪಕ್ಕಿ ಅನ್ನ," ಎಂದಳು. "ಮನೇಲಿ ಕಾಗದ ಅಂಟಿಸೋದೂ ಇದರಲ್ಲೇ. ಪೇಟೆ ಅಂಟು ಮಳೆಗಾಲದಲ್ಲಿ ನಿಲ್ಲಲ್ಲ ಅಂತಿದ್ರು."

ಹೇಳಿ, ಇಷ್ಟು ದಿನ ಕೆಳಗಿಡದ ಚೀಲವನ್ನು ಮೇಜಿನ ಮೇಲಿಟ್ಟಳು. ಅದರೊಳಗಿಂದ ಒಂದು ಪಂಚೆಯ ಗಂಟು ತೆಗೆದು ಬಿಚ್ಚಿದಳು. ಎರಡು ರಟ್ಟಿನ ನಡುವೆ ಒಂದು ಕಪ್ಪು ಡಿಸ್ಕು. ಅದರ ಮೇಲೆ ಒಂದು ಚೂರೂ ಕಲೆಯಿರಲಿಲ್ಲ. ಚೀಟಿ ಕಿತ್ತ ಜಾಗದಲ್ಲಿ ಮಾತ್ರ ಬಿಳಿಯ ಗುರುತು.

ನಾರಾಯಣಮೂರ್ತಿಯವರ ಬಾಯಿಂದ "ರಾಮ ರಾಮ" ಎಂದಷ್ಟೇ ಬಂತು.

"ಎಲ್ಲಿತ್ತಿದು?" ಎಂದೆ.

"ಅಕ್ಕಿ ಡಬ್ಬಿಯೊಳಗೆ. ತೇವ ತಾಗಬಾರ್ದು ಅಂತ ಅವರೇ ಇಟ್ಟಿದ್ದು."

ನನ್ನ ಸಿಟ್ಟು ನೆತ್ತಿಗೇರಿತು. "ಇಪ್ಪತ್ತು ದಿನದಿಂದ ನಿನ್ನ ಚೀಲದಲ್ಲಿತ್ತಾ? ಜೋಗದಿಂದ ಹೊಳೆಬಾಗಿಲ ತನಕ ಕುಂಟು ಕಾಲಲ್ಲಿ ನಾಯಿ ಅಲೆದ ಹಾಗೆ ನನ್ನನ್ನ ಅಲೆಸಿದ್ಯಲ್ಲ, ಎಂತಕ್ಕೆ? ನನ್ನ ಎಂತ ಅಂದ್ಕೊಂಡಿದೀಯ?"

"ಕೂಗಾಡ್ಬೇಡಿ ದಫೇದಾರ್ರೇ," ಎಂದಳು ಯಮುನಮ್ಮ. ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಮೊದ್ಲು ಯಂತ್ರ ಹಾಕ್ಸಿ. ಆಮೇಲೆ ಕೂಗಾಡಿ."

ಮತ್ತೆ ಯಂತ್ರದ ಕೋಣೆಗೆ ಹೋದೆವು. ಅಲ್ಲಿಗೆ ಕಾಲೇ ಇಡದ ನಾರಾಯಣಮೂರ್ತಿಯವರೂ ಬಂದರು. ಒಳಗಿನ ಥಂಡಿಗೆ ಅವರಿಗೆ ಉಬ್ಬಸ ಬರುತ್ತದೆ. ವಾಗ್ದೇವಿ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಸೀಳಿನೊಳಗೆ ತೂರಿಸಿ, ಸ್ವಿಚ್ಚು ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಗರಗರ ಎಂದು ಸದ್ದಾಯಿತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಒಂದೊಂದಾಗಿ ಮೂಡತೊಡಗಿತು. ಮೂರು ತಿಂಗಳು ಸತ್ತು ಬಿದ್ದಿದ್ದ ಯಂತ್ರ ಎದ್ದು, ಇವತ್ತು ತಾರೀಖು ಎಷ್ಟು ಎಂದು ಕೇಳಿತು.

ವಾಗ್ದೇವಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಬೆಳಿಗ್ಗೆ ಎದ್ದ ಕೂಡಲೇ ಹೀಗೆ ಕೇಳ್ತದೆ. ಸುಬ್ಬರಾಯಣ್ಣ ದಿನಾ ಅದಕ್ಕೆ ಬಾಯಲ್ಲೇ ಹೇಳಿ ಆಮೇಲೆ ಒತ್ತೋರು," ಎಂದಳು. ನಾರಾಯಣಮೂರ್ತಿ ಗೋಡೆಗೆ ಒರಗಿ ನಿಂತುಬಿಟ್ಟರು.

"ಅವನು ಏನೂ ಹಾಳು ಮಾಡಿಲ್ಲ," ಎಂದರು ಅವರು. "ನಾಳೆ ನಾನೇ ಕಮಿಟಿ ಮುಂದೆ ನಿಂತು ಹೇಳ್ತೀನಿ ಯಮುನಮ್ಮ. ಠರಾವಿನ ಕರಡು ಹರಿದು ಹಾಕ್ತೀನಿ. ನನ್ನ ಕ್ಷಮಿಸಿಬಿಡಿ."

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಕೊಡೆಗೆ ಕೈ ಹಾಕಿದೆ.

"ಎಲ್ಲಿಗೆ ಹೊರಟ್ರಿ?" ಎಂದಳು ಯಮುನಮ್ಮ. "ವಾಗ್ದೇವಿ, ಮತ್ತಿಸರ ತೆಗಿ."

ವಾಗ್ದೇವಿ ಕಣ್ಣೊರೆಸಿಕೊಂಡು ಇನ್ನೊಂದು ಡಿಸ್ಕು ಹಾಕಿ ಏನೇನೋ ಒತ್ತಿದಳು. ಪರದೆ ತುಂಬ ಹೆಸರು ಬಂತು. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು. ಮಾರಪ್ಪ, ವಾಸಪ್ಪ, ದುಗ್ಗಮ್ಮ... ಪ್ರತಿ ಹೆಸರಿನ ಮುಂದೆಯೂ ಒಂದೇ ಷರಾ. ಗೈರು. ಮಹಜರು ತಾರೀಖು ೫-೧೦-೭೯. ಸಹಿ, ಹೆಡ್ ಕಾನ್‌ಸ್ಟೇಬಲ್...

ಆ ಇಂಗ್ಲಿಷ್ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಸಂಬಳದ ದಿನ ಅದೇ ಅಕ್ಷರದಲ್ಲಿ ಸಹಿ ಹಾಕಿದ್ದೇನೆ.

ಮಾಸ್ತಪ್ಪ.

ನಲವತ್ತೊಂದು ಸಾಲು, ನಲವತ್ತೊಂದು ಸಲ ನನ್ನ ಹೆಸರು. ಸ್ಟೂಲು ಎಳೆದುಕೊಂಡು ಕೂತೆ.

"ಅವತ್ತು ಎಂತ ದಿನ, ನೆನಪಿದ್ಯಾ?" ಎಂದು ಕೇಳಿದಳು ಯಮುನಮ್ಮ.

ನೆನಪಿತ್ತು. ನೆನಪಿಲ್ಲ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ, ಅಷ್ಟೆ. ಭೂಮಿ ಹುಣ್ಣಿಮೆ. ನಮ್ಮ ಸೀಮೆಯಲ್ಲಿ ಆ ದಿನ ಹೊತ್ತು ಹುಟ್ಟುವ ಮುಂಚೆ ಮನೆಗೆ ಚಿಲಕ ಹಾಕಿ, ಬಣ್ಣ ಬಳಿದ ಬುಟ್ಟಿಯಲ್ಲಿ ಅಡಿಗೆ ಹೊತ್ತುಕೊಂಡು ಎಲ್ಲರೂ ಗದ್ದೆಗೆ ಹೋಗುತ್ತಾರೆ. ಬಸುರಿ ಪೈರಿಗೆ ಎಡೆ ಇಟ್ಟು, ಗದ್ದೆಯ ಅಂಚಿನಲ್ಲೇ ಕೂತು ಉಣ್ಣುತ್ತಾರೆ. ಮನೆಯಲ್ಲಿ ನರಪಿಳ್ಳೆ ಇರುವುದಿಲ್ಲ.

ಮನೆ ಎಣಿಸಲು ಹೊರಗಿನ ಊರಿನ ಅಧಿಕಾರಿಯೊಬ್ಬ ಬಂದಿದ್ದ. ಬಾಗಿಲು ಹಾಕಿದೆ, ಒಲೆಯ ಹೊಗೆಯಿಲ್ಲ, ಊರು ಖಾಲಿ ಎಂದ. ಅವನಿಗೆ ನಮ್ಮ ಹಬ್ಬ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದೇ ಬೆಳಿಗ್ಗೆ ನನ್ನ ಹೆಂಡತಿಯೂ ಬುಟ್ಟಿ ಹೊತ್ತು ನಮ್ಮ ಗದ್ದೆಗೆ ಹೋಗಿದ್ದಳು. ಮಧ್ಯಾಹ್ನದೊಳಗೆ ಮನೆ ಸೇರಿಕೊಳ್ಳಬೇಕಿತ್ತು ನನಗೆ. ಎಲ್ಲಿ ಎಂದು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.

"ಮತ್ತಿಸರ ನನ್ನ ತವರು," ಎಂದಳು ಅವಳು. "ಅಲ್ಲಿ ದುಗ್ಗಮ್ಮ ಅಂತ ಇದ್ಯಲ್ಲ, ಅದು ನನ್ನ ಅವ್ವ. ಹಬ್ಬಕ್ಕೆ ಅಂತ ಹೋಗಿದ್ದೆ ನಾನು. ಬುಟ್ಟಿ ನನ್ನ ತಲೆ ಮೇಲೇ ಇತ್ತು. ಕೆಳಗಿನ ಗದ್ದೆಯಿಂದ ನೋಡಿದ್ವಿ, ಪೊಲೀಸ್ರು ಮನೆ ಬಾಗಿಲಲ್ಲಿ ನಿಂತಿದ್ರು. ಊಟಕ್ಕೆ ಬರ್ತಾರೇನೋ ಅಂತ ಅವ್ವ ಕೈ ಬೀಸಿದ್ಳು."

ಅವಳು ಪರದೆಯಿಂದ ನನ್ನ ಕಡೆ ತಿರುಗಿದಳು.

"ನೀವೂ ಕೈ ಬೀಸಿದ್ರಿ ದಫೇದಾರ್ರೇ."

ಬೀಸಿದ್ದೆ. ದೇವರಾಣೆ ಬೀಸಿದ್ದೆ. ಹಸಿರು ಗದ್ದೆಯ ನಡುವೆ ಕೆಂಪು ಸೀರೆಯ ಹೆಂಗಸೊಬ್ಬಳು ಕಂಡಿದ್ದಳು. ಹಬ್ಬದ ದಿನ, ನಗುನಗುತ್ತಲೇ ಕೈ ಬೀಸಿ ಹೊರಟು ಬಂದಿದ್ದೆ. ನನ್ನಂಥ ಪಾಪಿ ಇನ್ನೊಬ್ಬನಿಲ್ಲ.

"ಅವ್ವ ಈಗ ಮೇಗರವಳ್ಳಿ ಹತ್ರ ಯಾರದೋ ಕೊಟ್ಟಿಗೆ ಮಗ್ಗುಲಲ್ಲಿ ಇದ್ದಾಳೆ," ಎಂದಳು ಯಮುನಮ್ಮ. "ಮನೆ ಎಣಿಸಿದ್ದು ಹಬ್ಬದ ದಿನ ಅಂತ ನಾನು ನಮ್ಮೆಜಮಾನ್ರಿಗೆ ಹೇಳಿರ್ಲಿಲ್ಲ. ಹೆಂಡ್ತಿ ಕಡೆಯವರಿಗೋಸ್ಕರ ಮಾಡ್ದ ಅನ್ನೋ ಮಾತು ಅವರಿಗೆ ಬರಬಾರ್ದು ಅಂತ. ಆದ್ರೂ ತಾರೀಖು ನೋಡಿ ಅವರೇ ಕಂಡುಹಿಡಿದ್ರು. ಭೂಮಿ ಹುಣ್ಣಿಮೆ ಕಣೇ, ಗೈರು ಅಲ್ಲ, ಗದ್ದೇಲಿದ್ರು ಅಂತ ಕೂಸಿನ ಹಾಗೆ ಕುಣಿದ್ರು. ಸಹಿ ಹಾಕಿದವರು ನಮ್ಮ ಸೀಮೆಯೋರೇ, ಹೇಳಿದ್ರೆ ಖಂಡಿತ ಒಪ್ತಾರೆ ಅಂದ್ರು. ಡಿಸ್ಕು ಅಕ್ಕಿ ಡಬ್ಬೀಲಿಟ್ಟು, ಸಹಿ ಹಾಕಿದವರು ಬಂದು ಯಂತ್ರದ ಮುಂದೆ ನಿಂತ್ರೆ ಮಾತ್ರ ಕೊಡು, ಅಲ್ಲಿ ತನಕ ನಾನು ಹಾಳು ಮಾಡಿದೆ ಅಂತಾನೇ ಇರ್ಲಿ ಅಂದ್ರು. ಸಹಿ ಹಾಕಿದವರ ಮನೆ ಹುಡುಕೋದಕ್ಕೇ ಒಂದು ತಿಂಗಳು ಹಿಡೀತು. ಮೊದ್ಲೇ ಹೇಳಿದ್ರೆ ನೀವು ಬರ್ತಿರ್ಲಿಲ್ಲ, ಇವರು ತಪ್ಪು ಮಾಡಿಲ್ಲ ಅಂತ ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾದೆ."

"ಅದಕ್ಕೇ ನನ್ನ ಹತ್ರ ಬಂದ್ಯಾ?" ಎಂದೆ. "ನನ್ನ ಇಲ್ಲಿ ತಂದು ನಿಲ್ಲಿಸೋದಕ್ಕೆ?"

"ಅದೊಂದಕ್ಕೇ ಅಲ್ಲ."

ಯಮುನಮ್ಮ ಮೇಜಿನ ಬಳಿಗೆ ಬಂದು, ಒರಗಿಸಿಟ್ಟ ಕೊಡೆಯನ್ನು ಎತ್ತಿಕೊಂಡು ಬಿಡಿಸಿದಳು. ನೀಲಿ ತೇಪೆಯನ್ನು ಬೆರಳಲ್ಲಿ ಹಿಡಿದಳು.

ಅವಳು ಮೊದಲ ಸಲ ಹೊಸನಗರದ ನಮ್ಮ ಮನೆಗೆ ಬಂದ ದಿನ ನೆನಪಾಯಿತು. ಹತ್ತು ನಿಮಿಷ ಮಾತೇ ಆಡದೆ, ಜಗಲಿಯ ಮೊಳೆಗೆ ತೂಗುಹಾಕಿದ್ದ ಕೊಡೆಯನ್ನೇ ನೋಡುತ್ತ ನಿಂತಿದ್ದಳು. ಗಂಡ ಸತ್ತ ದುಃಖ ಎಂದುಕೊಂಡಿದ್ದೆ. ದೊಡ್ಡ ಪತ್ತೇದಾರ ನಾನು.

"ಈ ತೇಪೆ ಹಾಕಿದ್ದು ನಾನು," ಎಂದಳು. "ಅವರ ಹಳೇ ಪ್ಯಾಂಟಿನ ಬಟ್ಟೆ. ಆ ಭಾನುವಾರ ಅಕಾಲದ ಮಳೆ ಹೊಯ್ತಿತ್ತು. ಕೊಡೆ ಕೊಟ್ಟು ಹೊಸನಗರದ ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಸಂಜೆ ತನಕ ಕಾದೆ. ಮನೆಗೆ ಬರ್ಲೇ ಇಲ್ಲ. ಸೋಮವಾರ ಬೆಳಿಗ್ಗೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದ್ರಂತೆ, ಮೈಯೆಲ್ಲ ನೆನೆದಿತ್ತಂತೆ. ಆಚೆ ದಡದಲ್ಲಿ ಇಳೀಲಿಲ್ಲ."

ಮಳೆಯ ಆ ಭಾನುವಾರ ನನ್ನ ಕಣ್ಣ ಮುಂದೆ ಬಂತು. ಜಗಲಿಯ ಮೆಟ್ಟಿಲ ಮೇಲೆ ಒಬ್ಬ ಸಣಕಲು ಮನುಷ್ಯ. ಕೊಡೆ ಮಡಚಿ ಮೂಲೆಗಿಟ್ಟು, ಎದೆಗೆ ಒತ್ತಿ ಹಿಡಿದ ಕಾಗದ ತೆಗೆಯುತ್ತಿದ್ದ. 'ಒಂದೇ ಒಂದು ಸಹಿ ಸರ್, ಹಳೇ ವಿಷಯ,' ಎಂದಿದ್ದ. ಕೈ ಮುಗಿದಿದ್ದ. ಅವನ ಹೆಸರನ್ನೂ ನಾನು ಕೇಳಿರಲಿಲ್ಲ. ಆಮೇಲೆ ಅವನು ಮಳೆಯಲ್ಲಿ ನೆನೆಯುತ್ತಲೇ ಗೇಟು ದಾಟಿ ಹೋದ.

ಕೊಡೆ ಮರೆತು ಹೋದನಲ್ಲ ಎಂದು ನಕ್ಕಿದ್ದೆ ಕೂಡ.

ಯಮುನಮ್ಮ ಕೊಡೆಯನ್ನು ಮಡಚಿ ನನ್ನ ತೊಡೆಯ ಮೇಲಿಟ್ಟಳು. ಪರದೆಯ ಮೇಲೆ ನಲವತ್ತೊಂದು ಸಾಲು ಹಾಗೇ ಉರಿಯುತ್ತಿತ್ತು. ಅವಳು ಬಗ್ಗಿ, ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಸತ್ಯ ಹೇಳಿ ದಫೇದಾರ್ರೇ. ಅವತ್ತು ಜಗಲಿ ಮೇಲೆ ನಿಂತು ನೀವು ನನ್ನ ಗಂಡನಿಗೆ ಎಂತ ಅಂದ್ರಿ?"

ಅಂದ ಒಂದೊಂದು ಮಾತೂ ನನಗೆ ನೆನಪಿತ್ತು.